ಜೆ.ಪಿ. ನಗರಕ್ಕೆ ಬಂದ ನಮ್ಮ ಮುಳುಗಡೆ ಶಾಲೆ

ನಮ್ಮ ಶಾಲೆಯ ಹೆಸರನ್ನು ನಾನು ಮತ್ತೆ ಕಂಡದ್ದು ಜೆ.ಪಿ. ನಗರದ ಒಂದು ಗೇಟಿನ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ. ಬನಶಂಕರಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಕಿಟಕಿಯಾಚೆ ಹಿತ್ತಾಳೆಯ ದಪ್ಪ ಅಕ್ಷರಗಳು ಕಂಡವು. ಹೆಸರಿನ ಕೆಳಗೆ ಶಾಲೆ ಶುರುವಾದ ಇಸವಿ. ಸ್ವಾತಂತ್ರ್ಯಕ್ಕೂ ಮೊದಲಿನದು. ನಮ್ಮೂರ ಶಾಲೆಯ ಕಲ್ಲಿನ ಕಮಾನಿನ ಮೇಲೆ ಕೆತ್ತಿದ್ದ ಅದೇ ಇಸವಿ. ಕಂಡಕ್ಟರ್ "ಮೇಡಂ, ಇಲ್ಲಿ ಸ್ಟಾಪ್ ಇಲ್ಲ" ಅಂತ ಕೂಗುತ್ತಿದ್ದರೂ ನಾನು ಇಳಿದುಬಿಟ್ಟೆ.

ಆ ಶಾಲೆ ನೀರಿನಲ್ಲಿ ಮುಳುಗಿತ್ತು. ಮುಳುಗಿದ್ದನ್ನು ನಾನೇ ದಂಡೆಯ ಮೇಲೆ ನಿಂತು ನೋಡಿದ್ದೆ.

ನಮ್ಮೂರು ಉತ್ತರ ಕರ್ನಾಟಕದ ಒಂದು ನದಿಯ ದಂಡೆಯಲ್ಲಿತ್ತು. ಇತ್ತು ಅಂತಲೇ ಬರೆಯಬೇಕು, ಯಾಕೆಂದರೆ ಕೆಳಗಡೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಹಳೆಯ ಪೇಟೆಯನ್ನು ನುಂಗಿತು. ಆ ಪೇಟೆಯ ಅರಳೆ ವ್ಯಾಪಾರಿಗಳು ಕಟ್ಟಿಸಿದ ಶಾಲೆ ನಮ್ಮದು. ಮಾರಿದ ಪ್ರತಿ ಅರಳೆ ಗಂಟಿನ ಹಣದಿಂದ ಅಷ್ಟಿಷ್ಟು ತೆಗೆದಿಟ್ಟು ಕಟ್ಟಿಸಿದರಂತೆ. ಕರಿಕಲ್ಲಿನ ಕಟ್ಟಡ, ಕೆಳಗೆ ತರಗತಿಗಳು, ಮೇಲೆ ವಾಚನಾಲಯ. ಸಂಜೆ ಶಾಲೆ ಬಿಟ್ಟ ಮೇಲೆ ವಾಚನಾಲಯ ಇಡೀ ಊರಿಗೆ ತೆರೆದಿರುತ್ತಿತ್ತು. ಮಗ್ಗದವರು ಬರುತ್ತಿದ್ದರು, ಅರಳೆ ಮಾರಿಸಿಕೊಡುವ ಅಡತಿ ಅಂಗಡಿಯ ಗುಮಾಸ್ತರು ಬರುತ್ತಿದ್ದರು. ಹೆಂಗಸರು ಬರುತ್ತಿರಲಿಲ್ಲ, ಮಕ್ಕಳ ಕೈಲಿ ಪುಸ್ತಕ ತರಿಸಿಕೊಳ್ಳುತ್ತಿದ್ದರು. ನನ್ನ ಅವ್ವ ಒಲೆಯ ಮುಂದೆ ಕೂತು ಓದುತ್ತಿದ್ದಳು. ನಾನು ಪುಸ್ತಕ ಮರಳಿಸಲು ಹೋದಾಗ ಹೆಡ್‌ಮಾಸ್ತರು ಅದನ್ನು ಮೂಗಿನ ಹತ್ತಿರ ಹಿಡಿದು ನಗುತ್ತಿದ್ದರು. "ಒಗ್ಗರಣಿ ವಾಸನಿ ಬರ್ತೈತಿ. ನಿಮ್ಮವ್ವ ಒಲಿ ಮುಂದ ಮೈಮರ್ತು ಓದ್ಯಾಳ ಅಂದ್ರ ಪುಸ್ತಕ ಚಲೋ ಐತಿ ಅಂತಾತು."

ಮುಂದೆ ಅದೇ ಶಾಲೆಯಲ್ಲಿ, ಅದೇ ಹೆಡ್‌ಮಾಸ್ತರ ಕೈಕೆಳಗೆ ನಾನು ಕನ್ನಡ ಕಲಿಸುವ ಅಕ್ಕೋರಾದೆ.

ಮುಳುಗಡೆ ಖಾತ್ರಿಯಾದ ವರ್ಷ ಊರಿನವರೆಲ್ಲ ತಮ್ಮ ಮನೆಯನ್ನು ತಾವೇ ಕೆಡವಿದರು. ಬಾಗಿಲು, ಜಂತಿ, ಹೆಂಚು, ಎತ್ತಿಕೊಂಡು ಹೋಗಬಹುದಾದ್ದನ್ನೆಲ್ಲ ಎತ್ತಿನ ಗಾಡಿಗೆ ಹೇರಿದರು. ಶಾಲೆಯಲ್ಲಿ ನಾವು ಪುಸ್ತಕ ತುಂಬಿದೆವು. ಮಕ್ಕಳು ಕಪಾಟಿನಿಂದ ಇಳಿಸಿ ಕೊಡುವುದು, ನಾವು ಒರೆಸಿ ಗೋಣಿಚೀಲಕ್ಕೆ ಹಾಕಿ ದಬ್ಬಣದಿಂದ ಬಾಯಿ ಹೊಲಿಯುವುದು. ಆಡಳಿತ ಮಂಡಳಿಯ ಸೆಕ್ರೆಟರಿ ಬಂದರು. ಶಾಲೆ ಕಟ್ಟಿಸಿದ ವ್ಯಾಪಾರಿಗಳಲ್ಲಿ ಒಬ್ಬರ ಮೊಮ್ಮಗ, ಊರಿಗೆಲ್ಲ ಸಾವ್ಕಾರ್ರು. ವಾಚನಾಲಯದ ನಡುವೆ ನಿಂತು ಹೇಳಿದರು: "ಒಂದೂ ಪುಸ್ತಕ ನೀರಿಗೆ ಬಿಡೂದಿಲ್ಲ. ನಮ್ಮ ಸಾಲಿ ಎಲ್ಲಿ ಎದ್ದು ನಿಲ್ತೈತಿ, ಅಲ್ಲಿ ಇವೂ ಬರ್ತಾವ." ಅದನ್ನು ಕೇಳಿ ನಾವೆಲ್ಲ ಅತ್ತೆವು. ಹೆಡ್‌ಮಾಸ್ತರು ಅವರ ಕೈ ಹಿಡಿದುಕೊಂಡರು. ಲಾರಿ ಹೊರಟಿತು.

ಆ ಲಾರಿ ಹೊಸ ಊರಿಗೆ ಬರಲೇ ಇಲ್ಲ. ಸರಕಾರ ಶಾಲೆಗೆ ಪರಿಹಾರ ಕೊಟ್ಟಿತು, ಹೊಸ ಊರಿನಲ್ಲಿ ಜಾಗವನ್ನೂ ಕೊಟ್ಟಿತು. ಅಡಿಗಲ್ಲು ಹಾಕಿದರು, ಮಾಲೆ ಹಾಕಿದರು, ಆಮೇಲೆ ಅಲ್ಲಿ ಆಡು ಮೇಯುತ್ತಿದ್ದವು. ಕೇಳಿದಾಗಲೆಲ್ಲ "ಪುಸ್ತಕ ಗೋಡೌನಿನಾಗ ಅದಾವ, ಕಟ್ಟಡ ಆಗ್ಲಿ" ಅನ್ನುವ ಉತ್ತರ. ನಮ್ಮ ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಚದುರಿಹೋದರು. ನನ್ನ ಕೆಲಸ ಹೋಯಿತು. ಬ್ಯಾಂಕಿನಲ್ಲಿದ್ದ ನನ್ನ ಗಂಡನಿಗೆ ಬೆಂಗಳೂರಿಗೆ ವರ್ಗವಾಗಿ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದೆವು. ಇದೆಲ್ಲ ಆದ ಮೇಲಿನ ಮಾತು, ಬಸ್ಸಿನಿಂದ ಇಳಿದು ಆ ಗೇಟಿನೊಳಗೆ ಹೋದದ್ದು.

ಒಳಗೆ ತಣ್ಣನೆಯ ಹಾಲ್. ಗಾಜಿನ ಕಪಾಟಿನಲ್ಲಿ ನಮ್ಮ ವಾಚನಾಲಯದ ಪುಸ್ತಕಗಳು, ಕ್ಯಾಲಿಕೊ ಬಟ್ಟೆ ಹೊದಿಸಿದ ರಟ್ಟಿನ ದಪ್ಪ ಸಂಪುಟಗಳು ಮಾತ್ರ, ಬಣ್ಣಕ್ಕೆ ಬಣ್ಣ ಹೊಂದಿಸಿ ನಿಲ್ಲಿಸಿದ್ದರು. ಕಪಾಟಿಗೆ ಬೀಗ. ಒಳಗೆ ಒಂದು ಪುಟ್ಟ ದೀಪ ಬೇರೆ.

"ಅಡ್ಮಿಷನ್ ಎನ್‌ಕ್ವೈರಿನಾ ಮೇಡಂ?" ರಿಸೆಪ್ಷನ್ನಿನ ಹುಡುಗಿ ಕೇಳಿದಳು.

"ಇಲ್ಲಮ್ಮ. ನಾನು ಈ ಶಾಲೆಯಲ್ಲಿ ಓದಿದವಳು."

ಅವಳು ನನ್ನ ವಯಸ್ಸನ್ನು ಒಂದು ಸಲ ನೋಡಿದಳು. "ಅದು ಹೇಗೆ ಮೇಡಂ? ನಮ್ಮಲ್ಲಿ ಇನ್ನೂ ಫಸ್ಟ್ ಬ್ಯಾಚೇ ಟೆಂತ್‌ಗೆ ಬಂದಿಲ್ವಲ್ಲ."

ಪಾಪ, ಅವಳ ತಪ್ಪೇನಿರಲಿಲ್ಲ. ಗೇಟಿನ ಮೇಲಿನ ಇಸವಿಯನ್ನು ಅವಳು ಯಾವತ್ತೂ ಲೆಕ್ಕ ಹಾಕಿ ನೋಡಿರಲಿಲ್ಲ. ಸಾಯುವ ಹೊತ್ತಿಗೂ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬೇಡಿ ಎಂದ ವ್ಯಾಪಾರಿಗಳ ಶಾಲೆ ಇದು. ಮಗ್ಗದವರ ಮಕ್ಕಳನ್ನು ಕೈಹಿಡಿದು ಕರೆತಂದು ಕೂರಿಸಿಕೊಂಡ ಶಾಲೆ. ಈಗ ಇಲ್ಲಿ ಎಲ್‌ಕೆಜಿಗೂ ಅಪ್ಪ ಅಮ್ಮಂದಿರನ್ನು ಇಂಗ್ಲಿಷಿನಲ್ಲಿ ಸಂದರ್ಶನ ಮಾಡುತ್ತಿದ್ದರು.

ಶಾಲೆ ನಡೆಸುತ್ತಿದ್ದವರು ನಮ್ಮ ಸಾವ್ಕಾರ್ರೇ. ಕೋಣೆಯಿಂದ ಹೊರಬಂದವರು ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟರು. ಅದೇ ನನಗೆ ತಡೆಯಲಾಗದ್ದು. ಕೆಟ್ಟವರಾಗಿ ನಡೆದುಕೊಂಡಿದ್ದರೆ ಅಲ್ಲೇ ಬೈದು ಹೊರಬರುತ್ತಿದ್ದೆ. "ಬರ್ರಿ ಅಕ್ಕೋರ, ಬರ್ರಿ! ನೋಡ್ರಿ, ನಮ್ಮ ಸಾಲಿ ಹೆಂಗ ಎದ್ದು ನಿಂತೈತಿ" ಎಂದು ಕಾರಿಡಾರಿನ ತುಂಬ ಓಡಾಡಿಸಿದರು. ಊರಿನ ಜಾಗದ ಬಗ್ಗೆ ಕೇಳಿದೆ. "ಅಲ್ಲಿ ಸರಕಾರಿ ಸಾಲಿ ಬಂದಾವಲ್ರಿ. ಇನ್ನೊಂದು ಕಟ್ಟಿ ಏನ್ ಮಾಡೂದು?" ಅಂದರು. ಕನ್ನಡ ಕಲಿಸಲು ಬನ್ನಿ ಅಂತ ಕರೆದರು. ಸೆಕೆಂಡ್ ಲ್ಯಾಂಗ್ವೇಜ್, ವಾರಕ್ಕೆ ಕೆಲವೇ ಪಿರಿಯಡ್ಡು.

ನಾನು ಒಪ್ಪಿದೆ. ಬೀಗದ ಆಚೆಗೆ ಕೂತ ಪುಸ್ತಕಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋಗಲು ಕಾಲು ಬರಲಿಲ್ಲ. ಉಳಿದವು ಎಲ್ಲಿವೆ ಅಂತ ಕೇಳಿದ್ದಕ್ಕೆ "ಭದ್ರವಾಗಿ ಅದಾವ" ಅಂದಿದ್ದರು. ಒಳಗೇ ಇದ್ದರೆ ಒಂದು ದಿನ ಅವನ್ನು ಹೊರಗೆ ತೆಗೆಸಬಹುದು ಅಂದುಕೊಂಡೆ.

ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ ಹೆರಿಟೇಜ್ ಡೇ ಅಂತ ಆಚರಿಸುತ್ತಿದ್ದರು. ನಾನು ಸೇರಿದ ವರ್ಷ ನಮ್ಮ ನಿವೃತ್ತ ಹೆಡ್‌ಮಾಸ್ತರೇ ಮುಖ್ಯ ಅತಿಥಿ. ಹೆಂಡತಿ ತೀರಿಕೊಂಡ ಮೇಲೆ ಅವರು ಬಿಟಿಎಂನಲ್ಲೇ ಮಗಳ ಮನೆಗೆ ಬಂದು ನೆಲೆಸಿದ್ದರು. ವೇದಿಕೆಯ ಮೇಲೆ ಅವರ ತಲೆಗೆ ರುಮಾಲು ಸುತ್ತಿದರು. ಮಕ್ಕಳು ಇಳಕಲ್ ಸೀರೆ ಉಟ್ಟು ಕುಣಿದರು. ಆಮೇಲೆ ಮುಳುಗಡೆಯ ನಾಟಕ. ನೀರು ಅಂತ ಉದ್ದನೆಯ ನೀಲಿ ಬಟ್ಟೆಯನ್ನು ಎರಡು ಬದಿಯಿಂದ ಹಿಡಿದು ಅಲುಗಾಡಿಸುತ್ತ ತಂದರು. ಊರಿನವರ ಪಾತ್ರದ ಮಕ್ಕಳು ಬಟ್ಟೆಯ ಕೆಳಗೆ ನುಸುಳಿ ಕಿಲಕಿಲ ನಕ್ಕರು. ಒಬ್ಬ ಪುಟಾಣಿಯ ಮೀಸೆ ಬಿತ್ತು. ಅಪ್ಪ ಅಮ್ಮಂದಿರು ಎದ್ದು ನಿಂತು ಚಪ್ಪಾಳೆ ಹೊಡೆದರು, ಕ್ಯಾಮೆರಾ ಹಿಡಿದರು.

ಮುಳುಗಡೆಯ ವರ್ಷ ನಮ್ಮ ಬೀದಿಯಲ್ಲಿ ಒಬ್ಬ ಮುದುಕಿ ಮನೆ ಕೆಡವಲು ಬಿಡದೆ ಹೊಸ್ತಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳನ್ನು ಅವಳ ಗಂಡುಮಕ್ಕಳೇ ಕುರ್ಚಿ ಸಮೇತ ಎತ್ತಿಕೊಂಡು ಹೋಗಿದ್ದರು. ಆ ಮುದುಕಿ ಇಲ್ಲಿ ಇರಲಿಲ್ಲ. ಇಲ್ಲಿದ್ದದ್ದು ನೀಲಿ ಬಟ್ಟೆ.

ಕಾರ್ಯಕ್ರಮ ಮುಗಿದ ಮೇಲೆ ಹೆಡ್‌ಮಾಸ್ತರನ್ನು ಆಟೋ ಹತ್ತಿಸಲು ಹೋದೆ. ಅವರೂ ಕುದಿಯುತ್ತಿರಬೇಕು ಅಂದುಕೊಂಡಿದ್ದೆ. ಅವರ ಕಣ್ಣು ತುಂಬಿತ್ತು, ಆದರೆ ಬೇರೆ ಕಾರಣಕ್ಕೆ.

"ಹೆಸರು ಉಳೀತು ನೋಡು ತಂಗಿ. ನಾ ಅಷ್ಟೂ ಅಂದ್ಕೊಂಡಿರ್ಲಿಲ್ಲ."

"ಸರ, ಹೆಸರು ಉಳದ್ರ ಸಾಕೇನ್ರಿ? ನಮ್ಮ ಹುಡುಗರು ಎಲ್ಲಿ ಅದಾರ ಇಲ್ಲಿ?"

"ಇವೂ ಹುಡುಗರೇ ಅಲ್ಲೇನು?" ಅಂದರು. ಆಟೋ ಹೊರಟಿತು. ಸಾವ್ಕಾರ್ರ ಮೇಲಿನ ಸಿಟ್ಟಿಗಿಂತ ಆ ಕ್ಷಣ ನನಗೆ ಹೆಡ್‌ಮಾಸ್ತರ ಮೇಲೆಯೇ ಹೆಚ್ಚು ಸಿಟ್ಟು ಬಂತು. ರುಮಾಲನ್ನು ಅವರು ತಲೆಯಿಂದ ಇನ್ನೂ ತೆಗೆದಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಂದು ಜೋರು ಮಳೆಗೆ ಚರಂಡಿ ನೀರು ಹರಿಯುವ ಪಕ್ಕದ ರಾಜಕಾಲುವೆ ಉಕ್ಕಿ ಶಾಲೆಯ ಬೇಸ್‌ಮೆಂಟಿಗೆ ನುಗ್ಗಿತು. ಮಕ್ಕಳಿಗೆ ರಜೆ ಕೊಟ್ಟಿದ್ದರು, ನಾವು ಹೋಗಲೇಬೇಕಿತ್ತು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದಾಗ ಪಿ.ಟಿ. ಮೇಷ್ಟ್ರು ಪ್ಯಾಂಟು ಮಡಚಿಕೊಂಡು ಬಂದರು. "ಮೇಡಂ, ಕೆಳಗಡೆ ನಿಮ್ಮ ಕನ್ನಡ ಬುಕ್ಸ್ ಎಲ್ಲಾ ತೇಲ್ತಾ ಇದೆ. ನೋಡಿದ್ರಾ?"

ಕಪ್ಪು ಇಟ್ಟು ಓಡಿದೆ. ಸ್ಕೂಲ್ ವ್ಯಾನ್‌ಗಳು ನಿಲ್ಲುವ ಜಾಗದ ಹಿಂದೆ, ಮುರಿದ ಬೆಂಚುಗಳ ಮರೆಯಲ್ಲಿ, ನಾವು ಹೊಲಿದ ಗೋಣಿಚೀಲಗಳು. ಒಂದರ ಮೇಲೊಂದು. ಬಾಯಿಯ ಹೊಲಿಗೆ ಹಾಗೇ ಇತ್ತು. ಅಷ್ಟು ವರ್ಷ ಒಬ್ಬರೂ ಒಂದು ಚೀಲವನ್ನೂ ಬಿಚ್ಚಿ ನೋಡಿರಲಿಲ್ಲ. ಕೆಳಗಿನ ಸಾಲಿನ ಚೀಲಗಳು ನೀರು ಕುಡಿದು ಊದಿಕೊಂಡು ಹರಿದಿದ್ದವು. ಚರಂಡಿಯ ಕಪ್ಪು ನೀರಿನ ಮೇಲೆ ಹಾಳೆಗಳು ತೇಲುತ್ತಿದ್ದವು. ನಾನು ಮೊಣಕಾಲಿನ ತನಕ ಇಳಿದು ಕೈಗೆ ಸಿಕ್ಕ ಒಂದು ಪುಸ್ತಕ ಎತ್ತಿಕೊಂಡು, ಹಾಗೇ ಮೆಟ್ಟಿಲು ಹತ್ತಿ, ಸಾವ್ಕಾರ್ರ ಕೋಣೆಗೆ ನುಗ್ಗಿ ಅವರ ಗಾಜಿನ ಮೇಜಿನ ಮೇಲೆ ಇಟ್ಟೆ.

ಅವರು ಮೊದಲು ಮಾಡಿದ್ದು ತಮ್ಮ ಮೊಬೈಲನ್ನು ಆಚೆ ಸರಿಸಿದ್ದು.

"ಏನ್ರಿ ಅಕ್ಕೋರ ಇದು?"

"ಗುರುತು ಸಿಗ್ಲಿಲ್ಲೇನ್ರಿ? ಒಂದೂ ಪುಸ್ತಕ ನೀರಿಗೆ ಬಿಡೂದಿಲ್ಲ ಅಂದಿದ್ರಿ. ಬಿಟ್ರಿ. ಅಲ್ಲಿ ಹೊಳಿ ನೀರಾಗಾದ್ರೂ ಹೋಗ್ತಿದ್ವು. ಇಲ್ಲಿ ಗಟಾರ ನೀರಾಗ ಬಿಟ್ರಿ."

"ಪಂಪ್ ಹಚ್ಚೇವ್ರಿ, ಸಂಜೀಕ ಖಾಲಿ ಆಗ್ತೈತಿ. ಮಳಿ ಬಂದ್ರ ನಾ ಏನ್ ಮಾಡ್ಲಿ?"

"ಅವನ್ನ ಮ್ಯಾಲ ಇಡಬಹುದಿತ್ತು. ಇಷ್ಟು ದೊಡ್ಡ ಲೈಬ್ರರಿ ಕಟ್ಟೀರಿ, ಅದರಾಗ ಒಂದು ಕಪಾಟು ಸಿಗ್ಲಿಲ್ಲ?"

ಅವರು ಬೆಲ್ ಒತ್ತಿ ಮೇಜು ಒರೆಸಲು ಹೇಳಿದರು. ಆಮೇಲೆ ತಾಳ್ಮೆಯಿಂದಲೇ, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದರು: "ಖರೇ ಹೇಳ್ರಿ, ಇಲ್ಲಿ ಹುಡುಗರು ಯಾರು ಓದ್ತಾರ ಅವನ್ನ? ನಿಮಗ ಅಷ್ಟು ಜೀವ ಇದ್ರ ಎಲ್ಲಾ ನೀವೇ ಒಯ್ರಿ. ನಮಗೂ ಪಾರ್ಕಿಂಗಿಗೆ ಜಾಗ ಆಗ್ತೈತಿ."

"ಗಾಜಿನ ಕಪಾಟಿನಾಗಿನವು?"

"ಅವು ಬ್ಯಾಡ. ಅವು ನಮ್ಮ ಹೆರಿಟೇಜ್."

ನಾಳೆಯಿಂದ ಬರುವುದಿಲ್ಲ ಅಂತ ಅಲ್ಲೇ ಹೇಳಿದೆ. ಹೊರಬಂದು ಮನೆಗೆ ಫೋನ್ ಮಾಡಿದೆ. ನನ್ನ ಗಂಡ ಟೆಂಪೊ ಗೊತ್ತು ಮಾಡಿಕೊಂಡು ಬಂದ. ಸಿಟ್ಟು ಬಂದರೆ ನಾನು ಊಟ ಬಿಡುವವಳೆಂದು ಅವನಿಗೆ ಗೊತ್ತಿತ್ತು. ಡ್ರೈವರನ ಪಕ್ಕ ಕೂರಿಸಿ ಕೈಯಲ್ಲಿ ಒಂದು ಬನ್ ಇಟ್ಟ. ನಾನು ದಾರಿಯುದ್ದಕ್ಕೂ ಅದನ್ನು ಹಿಡಿದುಕೊಂಡೇ ಬಂದೆ.

ಬಿಟಿಎಂನ ನಮ್ಮ ಮನೆಯ ಓನರ್ ಆಂಟಿ ಮಹಡಿಯ ಮೇಲಿದ್ದರು. ಅವರ ಕಾರು ಮಾರಿ ಆಗಿತ್ತು, ಶೆಡ್ ಖಾಲಿಯಿತ್ತು. ಟೆಂಪೊ ಕಂಡು ಕೆಳಗಿಳಿದು ಬಂದು ಸೊಂಟದ ಮೇಲೆ ಕೈ ಇಟ್ಟರು.

"ಏನಮ್ಮ ಇದು ಇಷ್ಟೊಂದು ಮೂಟೆ? ಪುಸ್ತಕನಾ? ಜಿರಳೆ ಬರುತ್ತೆ ನೋಡು. ವಾಸನೆ ಬೇರೆ."

"ಆಂಟಿ, ಒಂದು ತಿಂಗಳು. ಒಣಗಿಸ್ಕೊಂಡು ಬೇರೆ ಎಲ್ಲಾದ್ರೂ ಜಾಗ ಹುಡುಕ್ತೀನಿ."

"ಒಂದ್ ತಿಂಗಳು ಅಂದ್ರೆ ಒಂದ್ ತಿಂಗಳು. ಆಮೇಲೆ ನಾನು ಕೇಳಲ್ಲ" ಅಂದರು. ಅವರು ಮತ್ತೆ ಕೇಳಲೇ ಇಲ್ಲ. ಎರಡು ದಿನ ನೋಡಿ, ಹಪ್ಪಳ ಒಣಗಿಸುವ ತಮ್ಮ ಹಳೆಯ ಸೀರೆಗಳನ್ನು ತಂದು ತಾರಸಿಯ ಮೇಲೆ ಹಾಸಿದರು. ಪುಸ್ತಕಗಳನ್ನು ಅದರ ಮೇಲೆ ಬಿಡಿಸಿ ಇಟ್ಟೆವು. ಎಷ್ಟೋ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಅವನ್ನು ಬಿಸಾಡುವಾಗ ನನ್ನ ಬಾಯಿಂದ ಬಂದ ಬೈಗುಳ ಕೇಳಿ ಪಕ್ಕದ ತಾರಸಿಯವರು ಬಟ್ಟೆ ಹರವುವುದನ್ನು ಬಿಟ್ಟು ನೋಡುತ್ತಿದ್ದರು.

ಮೇಲಿನ ಸಾಲಿನ ಚೀಲಗಳು ಉಳಿದವು. ಶೆಡ್ಡಿನಲ್ಲಿ ಹಲಗೆ ಹೊಡೆದು ಜೋಡಿಸಿದೆವು. ಜನ ಹೇಗೆ ಬಂದರು ಅಂತ ಈಗ ನೆನೆದರೆ ಆಶ್ಚರ್ಯ. ಬಿಟಿಎಂ ತುಂಬ ನಮ್ಮ ಕಡೆಯವರೇ. ಆಸ್ಪತ್ರೆಯ ನರ್ಸುಗಳು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು, ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿಯರು. ಭಾನುವಾರ ಶೆಡ್ಡಿನ ಮುಂದೆ ಚಪ್ಪಲಿಗಳ ರಾಶಿ ಬೀಳತೊಡಗಿತು. ಒಬ್ಬ ನರ್ಸು ನಮ್ಮೂರಿನವಳೇ. ಪುಸ್ತಕದ ಮೇಲಿನ ವಾಚನಾಲಯದ ನೇರಳೆ ಮುದ್ರೆ ಕಂಡು ಅಲ್ಲೇ ಕುಸಿದು ಕೂತಳು. "ಇದು ನಮ್ಮ ಸಾಲೀದು ಅಲ್ರಿ ಅಕ್ಕೋರ? ನಮ್ಮಪ್ಪ ಓದ್ತಿದ್ದ ಇಲ್ಲಿ" ಅಂದಳು. ಇಲ್ಲಿ ಅಂತ ಶೆಡ್ಡನ್ನು ತೋರಿಸಿ ಅಂದಳು.

ಹೆಡ್‌ಮಾಸ್ತರು ಪ್ರತಿ ಭಾನುವಾರ ನಡೆದುಕೊಂಡೇ ಬರುತ್ತಿದ್ದರು. ಸೆಕ್ಯೂರಿಟಿಯವರ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ, ಕನ್ನಡ ಹೇಳಿಕೊಡಲು ಶುರು ಮಾಡಿದರು. ಹಾಗೆ ಶಾಲೆಯೂ ಬಂತು. ಬೋರ್ಡಿಗೆ ಆಂಟಿಯ ಹಳೆಯ ಬೀರುವಿನ ಬಾಗಿಲು.

ಒಂದು ಪತ್ರಿಕೆಯವರು ಯಾರಿಂದಲೋ ಕೇಳಿ ಬಂದು ಫೋಟೋ ತೆಗೆದು ಹಾಕಿದರು. ಮುಂದಿನ ಭಾನುವಾರವೇ ಮನೆ ಮುಂದೆ ಬಿಳಿ ವ್ಯಾನ್ ಬಂದು ನಿಂತಿತು. ಯೂನಿಫಾರ್ಮ್ ತೊಟ್ಟ ಮಕ್ಕಳು ಇಳಿದರು, ಕ್ಯಾಮೆರಾದವನು ಇಳಿದ, ಸಾವ್ಕಾರ್ರೂ ಇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುವಷ್ಟರಲ್ಲಿ ಶೆಡ್ಡಿನ ಮೇಲೆ ಫ್ಲೆಕ್ಸ್ ಕಟ್ಟಿ ಆಗಿತ್ತು. ಜೆ.ಪಿ. ನಗರದ ಶಾಲೆಯ ಹೆಸರು, ಅದರ ಕೆಳಗೆ ಬಡವರಿಗಾಗಿ ಆ ಶಾಲೆ ನಡೆಸುತ್ತಿರುವ ಉಚಿತ ಗ್ರಂಥಾಲಯ ಅಂತ ಬರೆದಿತ್ತು.

"ಇದೇನ್ರಿ?"

"ನಮ್ಮ ಸಾಲೀದೇ ಅಲ್ಲೇನ್ರಿ ಅಕ್ಕೋರ ಇದು?" ಸಾವ್ಕಾರ್ರು ನಗುತ್ತಲೇ ಅಂದರು. "ಪುಸ್ತಕ ನಾವೇ ಕೊಟ್ಟದ್ದು. ಒಂದು ಫೋಟೋ ತಕ್ಕೊಂಡು ಹೋಗ್ತೇವಿ, ನಿಮಗೂ ಅನುಕೂಲ ಮಾಡಿಕೊಡ್ತೇವಿ."

ನಾನು ಒಳಗೆ ಹೋಗಿ ಕತ್ತರಿ ತಂದೆ. ಸ್ಟೂಲಿನ ಮೇಲೆ ಹತ್ತಿ ಹಗ್ಗ ಕತ್ತರಿಸಿದೆ. ಫ್ಲೆಕ್ಸ್ ಒಂದು ಕಡೆಯಿಂದ ಜೋತು ಬಿತ್ತು. ಇನ್ನೊಂದು ಕಡೆಯನ್ನೂ ಕತ್ತರಿಸಿದೆ. "ಇದು ನೀವು ಕೊಟ್ಟದ್ದಲ್ಲ. ನೀವು ಒಗದದ್ದು. ನಾವು ಗಟಾರದಾಗಿಂದ ಆರಿಸಿಕೊಂಡು ಬಂದದ್ದು. ಇದನ್ನ ಮಡಚಿಕೊಂಡು ಒಯ್ರಿ" ಅಂದೆ. ದನಿ ಬೀದಿಯ ಕೊನೆಗೂ ಕೇಳಿರಬೇಕು. ಆಂಟಿ ಮಹಡಿಯಿಂದ ಬಗ್ಗಿ, "ರೀ, ಯಾರ್ರೀ ನೀವು? ನಮ್ಮ ಕಾಂಪೌಂಡಲ್ಲಿ ಬೋರ್ಡ್ ಕಟ್ಟೋಕೆ ಯಾರನ್ನ ಕೇಳಿದ್ರಿ?" ಅಂತ ತಮ್ಮ ಪಾಲಿನದನ್ನೂ ಸೇರಿಸಿದರು.

ಹೆಡ್‌ಮಾಸ್ತರು ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಬಂದರು. "ತಂಗಿ, ಹುಡುಗರ ಮುಂದ ಬ್ಯಾಡ."

ವ್ಯಾನ್ ಹೋಯಿತು. ಅವತ್ತು ಪಾಠ ಮುಗಿದ ಮೇಲೆ ನಾವಿಬ್ಬರೂ ಜಗಳವಾಡಿದೆವು. ಹೆಸರಿಗೆ ಯಾಕೆ ಬಡಿದಾಡಬೇಕು, ಎರಡು ಕಡೆ ಓದುವ ಮಕ್ಕಳಿದ್ದರೆ ನಷ್ಟ ಯಾರಿಗೆ ಎಂಬುದು ಅವರ ಮಾತು.

"ಹೆಸರು ಅವರಿಗೆ, ನೀರು ನಮಗ. ಇದೇ ಏನ್ರಿ ಸರ ನ್ಯಾಯ?" ಅಂದೆ.

ಅವರು ಕೈಯ ಸೀಮೆಸುಣ್ಣದ ಪುಡಿ ಕೊಡವಿದರು. "ನಿನ್ನ ಮಾತು ಸುಳ್ಳಲ್ಲ. ಆದ್ರ ನನಗ ಸಿಟ್ಟು ಮಾಡೂ ಶಕ್ತಿ ಉಳಿದಿಲ್ಲ ಯವ್ವಾ" ಅಂದರು. ಕೊನೆಯ ತನಕ ಅವರು ಎರಡೂ ಕಡೆ ಹೋಗುತ್ತಿದ್ದರು. ಜೆ.ಪಿ. ನಗರದವರು ಕರೆದಾಗ ಇಸ್ತ್ರಿ ಮಾಡಿದ ಧೋತರ ಉಟ್ಟು ಹೋಗಿ ದೀಪ ಹಚ್ಚಿ ಬರುವುದು, ಭಾನುವಾರ ನಮ್ಮ ಶೆಡ್ಡಿಗೆ ಬರುವುದು. ಅವರ ಈ ಎರಡನೆಯ ನಡಿಗೆ ನನಗೆ ಎಷ್ಟು ಇಷ್ಟವಿತ್ತೋ ಮೊದಲನೆಯದನ್ನು ಅಷ್ಟೇ ಸಹಿಸಲಾಗುತ್ತಿರಲಿಲ್ಲ.

ಅವರು ತೀರಿಕೊಂಡಾಗ ಸಾವ್ಕಾರ್ರ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಹೆಡ್‌ಮಾಸ್ತರ ಮಗಳು ಕೈಹಿಡಿದು ಕರೆದಳು, ಅವಳಿಗೋಸ್ಕರ ಹೋದೆ. ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡಿದರು. ಅವರನ್ನು ಈ ಸಂಸ್ಥೆಯ ಮೊದಲ ಪ್ರಿನ್ಸಿಪಾಲ್ ಅಂತ ಕರೆದರು. ನನಗೂ ಎರಡು ಮಾತು ಹೇಳಿ ಅಂದಾಗ ಮೈಕಿನ ಮುಂದೆ ನಿಂತು ನಮ್ಮೂರ ಮಾತಿನಲ್ಲೇ ಹೇಳಿದೆ. ಈ ಕಟ್ಟಡದಲ್ಲಿ ಅವರು ಒಂದು ದಿನವೂ ಪಾಠ ಮಾಡಿಲ್ಲ. ಅವರು ಪಾಠ ಮಾಡಿದ ಶಾಲೆಗೆಂದು ಹೊಸ ಊರಿನಲ್ಲಿ ಕೊಟ್ಟ ಜಾಗದಲ್ಲಿ ಇಂದಿಗೂ ಆಡು ಮೇಯುತ್ತಿವೆ. ಅವರು ಓದಿಸಿದ ಪುಸ್ತಕಗಳನ್ನು ನೀವು ನೆಲಮಾಳಿಗೆಯಲ್ಲಿ ಕೊಳೆಸಿದಿರಿ. ಇವತ್ತು ಅವರಿಗೆ ಹಾಕಿದ ಈ ಹಾರ ಕದ್ದ ಮನೆಯಲ್ಲಿ ಕಟ್ಟಿದ ಹಾರ. ಇದನ್ನೆಲ್ಲ ಒಂದೂ ಬಿಡದೆ ಹೇಳಿ ಇಳಿದು ಬಂದೆ. ಸಭೆಯಲ್ಲಿದ್ದವರು ಗೌರವದಿಂದ ತಲೆ ತಗ್ಗಿಸಿ ಕೂತಿದ್ದರು. ಅರ್ಥವಾಗಿದ್ದು ಹೆಡ್‌ಮಾಸ್ತರ ಮಗಳಿಗೆ ಮಾತ್ರ ಅಂತ ಕಾಣುತ್ತದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮರುದಿನ ಸಾವ್ಕಾರ್ರ ಫೋನು. ಬೈಯಲು ಮಾಡಿದ್ದಾರೆ ಅಂದುಕೊಂಡು ನಾನೂ ಸಿದ್ಧಳಾಗಿ ಎತ್ತಿಕೊಂಡೆ.

"ಅಕ್ಕೋರ, ಏನ್ ಚಲೋ ಮಾತಾಡಿದ್ರಿ! ನಮ್ಮ ಕಡೀ ಭಾಷಾ ಕೇಳಿ ಎದಿ ತುಂಬಿ ಬಂತು. ವಿಡಿಯೋ ಮಾಡಿಸೇವಿ, ಸಾಲಿ ವೆಬ್‌ಸೈಟಿನಾಗ ಹಾಕ್ತೇವಿ."

"ಸಾವ್ಕಾರ್ರ, ನಾ ಹೇಳಿದ್ದು ಕೇಳಿದ್ರೇನ್ರಿ?"

"ಕೇಳಿದ್ನಲ್ರಿ, ಕುಂತು ಪೂರಾ ಕೇಳಿದೆ" ಅಂದರು. ಇನ್ನೊಂದು ಫೋನ್ ಬರುತ್ತಿದೆ ಅಂತ ಇಟ್ಟುಬಿಟ್ಟರು.

ಆಮೇಲೆ ಆಂಟಿ ಮನೆಯನ್ನು ಬಿಲ್ಡರಿಗೆ ಕೊಟ್ಟರು. ನಾವು ಪುಸ್ತಕಗಳನ್ನು ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಗೆ ಸಾಗಿಸಿದೆವು. ಈ ಸಲ ಒಂದೂ ಚೀಲ ಹೊಲಿಯಲಿಲ್ಲ. ನರ್ಸುಗಳು, ಸೆಕ್ಯೂರಿಟಿಯವರು, ಮಕ್ಕಳು ಕೈಯಲ್ಲಿ, ಹೆಗಲ ಮೇಲೆ, ಸ್ಕೂಟರಿನ ಮುಂದೆ ಇಟ್ಟುಕೊಂಡು ತಂದರು. ಲೆಕ್ಕದ ಪಾಠವನ್ನು ಈಗ ಆ ನರ್ಸು ಮಾಡುತ್ತಾಳೆ. ನನ್ನಷ್ಟು ಸಿಡುಕಿಯಲ್ಲ, ಮಕ್ಕಳಿಗೆ ಅವಳೆಂದರೆ ಇಷ್ಟ. ಕೆಳಗಿನ ಅಂಗಡಿಯವರು ನೀರು ಸೋರುತ್ತದೆಂದು ಹೇಳಿದ ಗೋಡೆಯಿಂದ ಕಪಾಟುಗಳನ್ನು ದೂರ ಇಟ್ಟಿದ್ದೇವೆ, ಅದೂ ಇಟ್ಟಿಗೆ ಕೊಟ್ಟು ಎತ್ತರಿಸಿ. ಮಳೆ ಬಂದ ದಿನ ಮಾತ್ರ ನಾನು ಹೋಗಿ ಒಮ್ಮೆ ಗೋಡೆ ಮುಟ್ಟಿ ನೋಡಿ ಬರುತ್ತೇನೆ.